ಒರೆಸಿ ಇಟ್ಟವರು

ನಮ್ಮ ಕೋರ್ಸಿನ ಕೊನೆಯ ಆರು ತಿಂಗಳು ತರಗತಿ ಇರುವುದಿಲ್ಲ. ಪ್ರತಿಯೊಬ್ಬರೂ ಒಂದು ಚಿಕ್ಕ ಪ್ರದರ್ಶನವನ್ನು ತಾವೇ ಕಟ್ಟಬೇಕು. ವಸ್ತುಗಳನ್ನು ಹುಡುಕಿ, ಮಾಲೀಕರಿಂದ ಎರವಲು ಪತ್ರ ಬರೆಸಿಕೊಂಡು, ಒಂದೊಂದಕ್ಕೂ ಸಂಖ್ಯೆ ಕೊಟ್ಟು ರಿಜಿಸ್ಟರಿನಲ್ಲಿ ದಾಖಲಿಸಬೇಕು. ಬಂದಾಗ ಅದು ಹೇಗಿತ್ತು ಎಂದು ಸ್ಥಿತಿ ವರದಿ ಬರೆಯಬೇಕು. ಗಾಜಿನ ಕಪಾಟಿನಲ್ಲಿಟ್ಟು, ಪಕ್ಕದಲ್ಲಿ ಲೇಬಲ್ ಹಾಕಿ, ಎಲ್ಲ ಮುಗಿದ ಮೇಲೆ ಬಂದ ಹಾಗೆಯೇ ಹಿಂದಿರುಗಿಸಬೇಕು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ನೋಡುತ್ತಾರೆ. ಅವರು ಒಪ್ಪಿದರೆ ಮಾತ್ರ ವಸ್ತುಸಂಗ್ರಹಾಲಯ ನಿರ್ವಹಣೆಯ ಸ್ನಾತಕೋತ್ತರ ಪದವಿ.

ಜೊತೆಯ ವಿದ್ಯಾರ್ಥಿಗಳು ಹಳೆಯ ಫೋಟೋ, ಸೀರೆ, ಗ್ರಾಮಫೋನು ಎಂದು ಆರಿಸಿಕೊಂಡರು. ನಾನು ಪೀಣ್ಯದಲ್ಲಿ ಡೈ ಎಂಬ ಉಕ್ಕಿನ ಅಚ್ಚುಗಳನ್ನು ಮಾಡುವ ಒಂದು ಟೂಲ್ ರೂಮಿನ ಹತಾರಗಳನ್ನು ಆರಿಸಿಕೊಂಡೆ. ನನ್ನ ಗಂಡ ಅಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದರು. ಒಂದು ಸಂಜೆ ಕೆಲಸದ ಜಾಗದಲ್ಲೇ ಎದೆನೋವು ಬಂದು ತೀರಿಕೊಂಡರು. ನಾನು ಪ್ರಾಜೆಕ್ಟ್ ಶುರು ಮಾಡುವಾಗ ಅದಕ್ಕೆ ಎರಡು ವರ್ಷ ತುಂಬಿತ್ತು.

ಕಾರ್ಖಾನೆಗಳ ಪ್ರದೇಶದ ಚರಿತ್ರೆಯನ್ನು ಯಾರೂ ಕಾಪಾಡುತ್ತಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದೆ. ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣ ಒಂದು ಉಕ್ಕಿನ ತುಂಡು.

ಅದನ್ನು ವಿ ಬ್ಲಾಕ್ ಎನ್ನುತ್ತಾರೆ. ಅಂಗೈಯಷ್ಟು ಉದ್ದದ ದಪ್ಪ ಉಕ್ಕು, ಮೇಲೆ ವಿ ಅಕ್ಷರದಂತೆ ಕೊರೆದ ಕಾಲುವೆ. ಗುಂಡಗಿನ ಸರಳನ್ನು ಉರುಳದಂತೆ ಅದರಲ್ಲಿ ಕೂರಿಸಿ ಗುರುತು ಹಾಕುತ್ತಾರೆ. ಐಟಿಐನಲ್ಲಿ ಕಲಿಯುವಾಗ ನನ್ನವರು ಅದನ್ನು ತಾವೇ ಅರ ಹಾಕಿ ಮಾಡಿದ್ದರು, ಕೊನೆಯವರೆಗೂ ಅದನ್ನೇ ಬಳಸಿದರು. ಅವರ ಕೈಬೆವರಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತಿತ್ತು. ಕೆಲವರ ಕೈ ಹಾಗಿರುತ್ತದಂತೆ. ಅದಕ್ಕೆ ಟೂಲ್ ರೂಮಿನಲ್ಲಿ ಅವರಿಗೆ ‘ಉಪ್ಪಿನಕಾಯಿ’ ಎಂದೇ ಹೆಸರು. ಉಳಿದವರು ಸಂಜೆ ಹತಾರ ಒಂದು ಸಲ ಒರೆಸಿಟ್ಟರೆ ಇವರು ಎರಡು ಸಲ ಒರೆಸಿ, ಎಣ್ಣೆ ಸವರಿ ಇಡುತ್ತಿದ್ದರು. ಮನೆಯಲ್ಲಿ ಅಡುಗೆಮನೆಯ ಚಾಕುವನ್ನೂ ಹಾಗೆಯೇ ಒರೆಸಿಡುತ್ತಿದ್ದರು.

ತಿಥಿಯೆಲ್ಲ ಮುಗಿದ ಮೇಲೆ ಅವರ ಹತಾರದ ಪೆಟ್ಟಿಗೆ ಮನೆಗೆ ಬಂತು. ನಾನು ಅದನ್ನು ತೆರೆದದ್ದು ಎಂಟು ತಿಂಗಳ ನಂತರ, ಕೋರ್ಸಿಗೆ ಸೇರಿದ ಮೇಲೆ. ಎಲ್ಲ ಹತಾರಗಳೂ ಸ್ವಚ್ಛವಾಗಿದ್ದವು. ವಿ ಬ್ಲಾಕಿನ ಒಂದು ಮೈಮೇಲೆ ಮಾತ್ರ ಕಂದು ಬಣ್ಣದಲ್ಲಿ ಒಂದು ಹೆಬ್ಬೆರಳು ಎದ್ದಿತ್ತು. ಗೆರೆಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಯಾವತ್ತೂ ಒರೆಸದೆ ಇಡದವರು ಕೊನೆಯ ದಿನ ಒಂದನ್ನು ಒರೆಸಿರಲಿಲ್ಲ.

ಅದನ್ನು ಉಳಿಸಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಎಣ್ಣೆ ಹಾಕಿ ಒರೆಸಿದರೆ ಅಳಿಸುತ್ತದೆ. ಹಾಗೆಯೇ ಬಿಟ್ಟರೆ ತುಕ್ಕು ಹರಡಿ ಗೆರೆಗಳನ್ನು ನುಂಗುತ್ತದೆ. ಸಂರಕ್ಷಣೆಯ ಪಾಠದಲ್ಲಿ ಒಂದು ದಿನ ಲೋಹಗಳ ವಿಷಯ ಬಂತು. ತೇವ ಇಲ್ಲದಿದ್ದರೆ ತುಕ್ಕು ಬೆಳೆಯುವುದಿಲ್ಲ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ, ಬರಿಗೈಯಲ್ಲಿ ಮುಟ್ಟಬೇಡಿ ಎಂದರು. ಅವತ್ತೇ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ತಂದೆ. ಒಳಗೆ ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ ಇಟ್ಟೆ. ಅದು ಶೇಕಡಾ ನಲವತ್ತರ ಮೇಲೆ ಹೋದರೆ ಜೆಲ್ಲಿನ ಕಾಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತಿದ್ದೆ. ಒಂದೂವರೆ ವರ್ಷ ಆ ಗೆರೆಗಳು ಒಂದಿಷ್ಟೂ ಕದಲಲಿಲ್ಲ.

ಪ್ರದರ್ಶನಕ್ಕೆ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಟೂಲ್ ರೂಮಿನ ಯಂತ್ರಗಳನ್ನೆಲ್ಲ ಮಾಲೀಕರು ನೆಲಮಂಗಲದ ಆಚೆಗೆ ಸಾಗಿಸಿದ್ದರು. ಪೀಣ್ಯ ಎರಡನೇ ಹಂತದ ಹಳೆಯ ಶೆಡ್ಡಿನ ಮುಂದಿನ ಕೋಣೆ ಖಾಲಿ ಬಿದ್ದಿತ್ತು. ಬೀಗದ ಕೈ ನಿವೃತ್ತರಾದ ಫೋರ್‌ಮನ್ ಹತ್ತಿರ ಇತ್ತು. ಅವರು ಪೀಣ್ಯದವರೇ. ಶೆಡ್ ನಿಂತಿರುವುದು ಅವರ ತಾತನ ರಾಗಿ ಹೊಲದಲ್ಲಿ. ಈಗ ಹಿಂದಿನ ಬೀದಿಯಲ್ಲಿ ಅವರದ್ದೇ ನಾಲ್ಕು ಬಾಡಿಗೆ ಮನೆಗಳಿವೆ. ನನ್ನ ಗಂಡನಿಗೆ ಕೆಲಸ ಕಲಿಸಿದವರು ಅವರೇ.

"ಮ್ಯೂಜಿಯಂ ಅಂದ್ರೆ ರಾಜರ ಕತ್ತಿ ಅಲ್ವೇನಮ್ಮ? ನಮ್ಮ ಅರ, ಸುತ್ತಿಗೆ ಯಾರು ನೋಡ್ತಾರೆ?" ಎಂದರು ಮೊದಲ ದಿನ.

"ನೋಡೋ ಹಾಗೆ ಇಡೋದೇ ನನ್ನ ಪರೀಕ್ಷೆ ಅಣ್ಣ."

ಅವರು ಫೋನ್ ಮಾಡಿ ಹಳಬರನ್ನು ಕರೆಸಿದರು. ದಾಸರಹಳ್ಳಿಯಿಂದ, ಲೇತ್ ಯಂತ್ರ ನಡೆಸುತ್ತಿದ್ದ ಒಬ್ಬ ನಿವೃತ್ತ ಟರ್ನರ್ ತಮ್ಮ ಮೈಕ್ರೋಮೀಟರನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಎರವಲು ಪತ್ರದಲ್ಲಿ ವಸ್ತುವಿನ ವಯಸ್ಸು ಎಂಬ ಜಾಗ ನೋಡಿ, "ಇದನ್ ಬಿಡಿ ಮೇಡಂ, ನನ್ನನ್ನೇ ಇಟ್ಕೊಳ್ಳಿ. ಇದಕ್ಕಿಂತ ಹಳೇ ಪೀಸು ನಾನು," ಎಂದರು. ಫೋರ್‌ಮನ್ ತಕ್ಷಣ, "ನಿನ್ನನ್ನ ಇಟ್ರೆ ಕಪಾಟು ದಿನಾ ಮೂರು ಸಲ ಟೀ ಕೇಳ್ತದೆ," ಎಂದರು.

ಒಟ್ಟು ಮೂವತ್ತಾರು ವಸ್ತುಗಳಾದವು. ಸ್ಥಿತಿ ವರದಿ ಬರೆಯಲು ಮೂರು ವಾರ ಹಿಡಿಯಿತು. ಪ್ರತಿಯೊಂದನ್ನೂ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ನಾಲ್ಕು ಕಡೆಯಿಂದ ಫೋಟೋ ತೆಗೆಯುತ್ತಿದ್ದೆ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿಯುತ್ತಿದ್ದೆ. ನೇರ ಬೆಳಕಿಗೆ ಕಾಣದ ಗೀರು, ಕುಳಿ, ಕಲೆಗಳೆಲ್ಲ ಆಗ ಎದ್ದು ಬರುತ್ತವೆ. ಅವನ್ನು ಒಂದೊಂದಾಗಿ ಬರೆದುಕೊಳ್ಳುವುದು. ಅರದ ಹಲ್ಲುಗಳಲ್ಲಿ ಸೀಮೆಸುಣ್ಣ ಮೆತ್ತಿತ್ತು. ಮಟ್ಟಗೋಲಿನ ಮೂಲೆಯಲ್ಲಿ ಹಳೆಯ ನೀಲಿ ಮಸಿ. ಸುತ್ತಿಗೆಯ ಹಿಡಿಯಲ್ಲಿ ಕೈಯ ಜಿಡ್ಡು. ಸ್ವಚ್ಛ ಮಾಡಬಾರದು, ಕೊಳೆಯೂ ಸಾಕ್ಷಿಯೇ ಎಂದು ನಮ್ಮ ಮಾರ್ಗದರ್ಶಿ ಮೇಡಂ ಹೇಳಿಕೊಟ್ಟಿದ್ದರು.

ಫೋರ್‌ಮನ್‌ಗೆ ಇದು ಸಂಕಟದ ವಿಷಯವಾಗಿತ್ತು. "ತುಕ್ಕನ್ನೂ ಬರ್ಕೊಂತೀಯಲ್ಲ ತಾಯಿ. ಅದರ ಬದ್ಲು ಒಂದ್ ಕೈ ಉಜ್ಜಿ ಬಿಟ್ರೆ ಬರಿಯೋ ಕೆಲ್ಸಾನೇ ಇರಲ್ಲ."

ನಾನು ನಕ್ಕು ಮುಂದಿನ ವಸ್ತು ಎತ್ತಿಕೊಂಡೆ. ವಿವರಿಸಿ ಹೇಳಬೇಕಿತ್ತು, ಹೇಳಲಿಲ್ಲ.

ವಿ ಬ್ಲಾಕಿನ ಸಂಖ್ಯೆ ಹದಿನೇಳು. ಪ್ರದರ್ಶನದ ಮಧ್ಯದ ಕಪಾಟು ಅದಕ್ಕೇ ಮೀಸಲು. ಹಿಂದೆ ಗೋಡೆಗೆ ಎರಡು ಅಡಿ ಅಗಲದ ಫೋಟೋ, ಆ ಹೆಬ್ಬೆರಳಿನದು. ಅಚ್ಚು ಹಾಕಿಸಿ ಚೌಕಟ್ಟನ್ನೂ ಕಟ್ಟಿಸಿದ್ದೆ. ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವುದು ಅದೇ ಆಗಬೇಕು ಎಂದು ಉಳಿದೆಲ್ಲವೂ ಅದರ ಸುತ್ತ ಬರುವಂತೆ ನಕ್ಷೆ ಹಾಕಿದ್ದೆ. ಆದರೆ ಅದು ಯಾರ ಬೆರಳು, ನನಗೆ ಯಾಕೆ ಬೇಕು ಎಂದು ಯಾರಿಗೂ ಹೇಳಿರಲಿಲ್ಲ. ಹೇಳಲು ಹೋದರೆ ಮಾತು ಅರ್ಧದಲ್ಲಿ ನಿಲ್ಲುತ್ತದೆ ಎಂದು ಭಯ. ಲೇಬಲ್ಲಿನಲ್ಲಿ ಬರೆದರೆ ಓದಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಆಯುಧಪೂಜೆ ಕಳೆದ ಮುಂದಿನ ವಾರ ಪರೀಕ್ಷಕರು ಬರುವವರಿದ್ದರು. ಹಬ್ಬಕ್ಕೆ ಮೂರು ದಿನ ಮುಂಚೆ ವಸ್ತುಗಳನ್ನೆಲ್ಲ ಮೇಜಿನ ಮೇಲೆ ತಟ್ಟೆಗಳಲ್ಲಿ ಜೋಡಿಸಿ, ವಿ ಬ್ಲಾಕನ್ನು ಅದರ ಡಬ್ಬಿಯಲ್ಲೇ ಇಟ್ಟು, ‘ದಯವಿಟ್ಟು ಮುಟ್ಟಬೇಡಿ’ ಎಂದು ಹಾಳೆ ಅಂಟಿಸಿ, ತುಮಕೂರಿನಲ್ಲಿರುವ ಅಕ್ಕನ ಮನೆಗೆ ಹೋದೆ.

ವಾಪಸ್ಸು ಬಂದು ಕೋಣೆಯ ಬಾಗಿಲು ತೆಗೆದಾಗ ಡೀಸೆಲ್ ವಾಸನೆ, ಜೊತೆಗೆ ಚೆಂಡು ಹೂವಿನ ವಾಸನೆ. ಮೂವತ್ತಾರು ಹತಾರಗಳೂ ಹೊಳೆಯುತ್ತಿದ್ದವು. ಒಂದೊಂದರ ಮೇಲೂ ಅರಿಶಿನ, ಕುಂಕುಮ, ಒಂದೊಂದು ಹೂವು. ‘ಮುಟ್ಟಬೇಡಿ’ ಎಂಬ ನನ್ನ ಹಾಳೆಗೂ ಒಂದು ಬೊಟ್ಟು ಇಟ್ಟಿದ್ದರು.

ಫೋರ್‌ಮನ್ ನನ್ನ ಹಿಂದೆಯೇ ಒಳಗೆ ಬಂದರು. "ಎಂಗೈತೆ ನೋಡಮ್ಮ! ನಾನೂ ಟರ್ನರ್ರೂ ಎರಡು ದಿನ ಕೂತಿದ್ವಿ. ಬೆನ್ನು ಮುರ್ದೋಯ್ತು."

"ಬೋರ್ಡ್ ಹಾಕಿದ್ನಲ್ಲಾ ಅಣ್ಣ."

"ಅದು ಹೊರಗಿನೋರಿಗೆ ಅಲ್ವಾ?" ಎಂದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ತುಕ್ಕಿರೋ ಟೂಲ್‌ಗೆ ಯಾರಾದ್ರೂ ಕುಂಕುಮ ಇಡ್ತಾರಾ?"

ಹದಿನೇಳನೆಯ ಡಬ್ಬಿಯ ಮುಚ್ಚಳ ಪಕ್ಕದಲ್ಲಿತ್ತು. ಬ್ಲಾಕನ್ನು ಹೊರಗೆ ಇಟ್ಟಿದ್ದರು. ಬೆರಳಿದ್ದ ಕಡೆ ಈಗ ಕಿಟಕಿಯ ಸರಳುಗಳು ಕಾಣುತ್ತಿದ್ದವು, ಅಷ್ಟು ಚೆನ್ನಾಗಿ ಉಜ್ಜಿದ್ದರು. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದೆ. ಏನೂ ಇರಲಿಲ್ಲ.

"ಚೆನ್ನಾಗಿದೆ ಅಣ್ಣ," ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಮೆಟ್ರೋದಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ.

ಎರಡು ದಿನ ಆ ಕಡೆ ಹೋಗಲಿಲ್ಲ. ಮೇಡಂಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. ಬೆರಳು ಯಾರದ್ದೆಂದು ಅವರಿಗೂ ಆಗಲೇ ಮೊದಲು ಹೇಳಿದ್ದು. ಅವರು, "ಗೋಡೆಗೆ ಹಾಕಿರೋ ಫೋಟೋ ಇದೆಯಲ್ಲಮ್ಮ, ಅದನ್ನೇ ಮುಖ್ಯವಾಗಿ ಇಡಿ. ವಸ್ತು ಹಾಳಾಯ್ತು ಅಂತ ಬರೀರಿ. ಬೇರೆ ಏನ್ ಬೇಕಾದ್ರೂ ಮಾಡಿ, ಹಳೇ ರಿಪೋರ್ಟ್ ಮಾತ್ರ ಹರೀಬೇಡಿ," ಎಂದರು.

ನಾನು ಅದನ್ನೇ ಯೋಚಿಸುತ್ತಿದ್ದೆ ಎಂದು ಅವರಿಗೆ ಹೇಗೆ ತಿಳಿಯಿತೋ. ಹಳೆಯ ಮೂವತ್ತಾರು ವರದಿಗಳನ್ನು ಹರಿದು, ಹತಾರಗಳು ಬಂದದ್ದೇ ಹೀಗೆ ಎಂದು ಹೊಸದಾಗಿ ಬರೆದರೆ ಪರೀಕ್ಷಕರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಹದಿನೇಳನೆಯ ವರದಿ ಹರಿದರೆ ಆ ಬೆರಳು ಕಾಗದದ ಮೇಲೂ ಇಲ್ಲವಾಗುತ್ತದೆ. ಮೂರನೆಯ ದಿನ ಹೊಸ ಹಾಳೆಗಳನ್ನು ತೆಗೆದುಕೊಂಡು ಪೀಣ್ಯಕ್ಕೆ ಹೋದೆ. ಹಳೆಯ ವರದಿ ಹಾಗೆಯೇ ಇರುತ್ತದೆ, ಪ್ರತಿಯೊಂದಕ್ಕೂ ಎರಡನೆಯದೊಂದು ಸೇರುತ್ತದೆ ಎಂದು ನಿರ್ಧರಿಸಿದ್ದೆ. ಯಾರು, ಯಾವುದರಿಂದ, ಹೇಗೆ ಉಜ್ಜಿದರು ಎಂದು ಕೇಳಿ ಬರೆಯಬೇಕು.

ಫೋರ್‌ಮನ್ ಮತ್ತು ಟರ್ನರ್ ಇಬ್ಬರನ್ನೂ ಮೇಜಿನ ಎದುರು ಕೂರಿಸಿಕೊಂಡೆ.

"ಒಂದನೇ ನಂಬರ್, ಅರ. ಯಾರು ಕ್ಲೀನ್ ಮಾಡಿದ್ದು?"

"ಪೊಲೀಸ್ ಸ್ಟೇಷನ್ ಆಯ್ತಲ್ಲ ಗುರು," ಎಂದು ಟರ್ನರ್ ಫೋರ್‌ಮನ್ ಕಿವಿಯಲ್ಲಿ ನನಗೂ ಕೇಳುವಂತೆ ಹೇಳಿದರು. "ನಾನೇ ಮೇಡಂ. ಒಪ್ಕೊಂಬಿಟ್ಟೆ."

"ಯಾವುದರಿಂದ?"

"ತಂತಿ ಬ್ರಷ್ಷು. ಆಮೇಲೆ ಡೀಸೆಲ್. ಸೀಮೆಎಣ್ಣೆ ಒಳ್ಳೇದು, ಈಗೆಲ್ಲಿ ಸಿಗತ್ತೆ? ಆಮೇಲೆ ಬನಿಯನ್ ವೇಸ್ಟ್ ಬಟ್ಟೇಲಿ ಒರೆಸಿ, ತೆಳ್ಳಗೆ ಎಣ್ಣೆ."

"ಅರದ ಹಲ್ಲಿಗೆ ಎಣ್ಣೆ ಹಾಕಿದ್ಯಾ?" ಫೋರ್‌ಮನ್ ಅವರ ಕಡೆ ತಿರುಗಿದರು. "ಅರಕ್ಕೆ ಯಾರಾದ್ರೂ ಎಣ್ಣೆ ಹಾಕ್ತಾರೇನೋ? ಜಾರ್ತದೆ. ನಲ್ವತ್ತು ವರ್ಷ ಏನ್ ಕಲ್ತೆ?"

"ಇನ್ಮೇಲೆ ಅದು ಕಪಾಟಲ್ಲಿ ಕೂರೋದು ತಾನೇ? ಜಾರಿ ಎಲ್ಲಿಗ್ ಹೋಗತ್ತೆ?"

ಇಬ್ಬರ ಜಗಳವನ್ನೂ ಬರೆದುಕೊಂಡೆ. ಅವರು ಹೇಳಿದ್ದರಲ್ಲಿ ನಮ್ಮ ಪಾಠದಲ್ಲಿ ಇಲ್ಲದ ಎಷ್ಟೋ ವಿಷಯಗಳಿದ್ದವು. ಅಳೆಯುವ ಸಾಧನಕ್ಕೆ ಎಮರಿ ಎಂಬ ಉಜ್ಜುಕಾಗದ ತಾಗಿಸುವುದಿಲ್ಲ, ಮೆತ್ತನೆಯ ಚಮೋಯಿ ಚರ್ಮ ಮಾತ್ರ. ಉಜ್ಜುವುದು ಯಾವಾಗಲೂ ಒಂದೇ ದಿಕ್ಕಿಗೆ, ಗುಂಡಗೆ ತಿರುಗಿಸಿದರೆ ಮೈ ಕೆಡುತ್ತದೆ. ಒರೆಸಿ ಮುಗಿದ ಮೇಲೆ ಆ ಮೈಯನ್ನು ಬೆರಳಿಂದ ಮುಟ್ಟದೆ ಅಂಚು ಹಿಡಿದು ಇಡಬೇಕು. ಇವರು ಮನಸ್ಸಿಗೆ ಬಂದಂತೆ ಉಜ್ಜಿರಲಿಲ್ಲ.

ಹದಿನೇಳಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ನಾನು ಸಂಖ್ಯೆಯನ್ನಷ್ಟೇ ಓದಿದೆ. ಫೋರ್‌ಮನ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇದು ನಾನು ಮಾಡಿದ್ದು. ಡೀಸೆಲ್‌ಗೆ ಆಕ್ಲಿಲ್ಲ. ಜೀರೋ ನಂಬರ್ ಎಮರಿ ತಗೊಂಡೆ, ಮೆತ್ತಗೆ. ಒಂದು ಗಂಟೆ ಇಡೀತು, ಕೊನೇಗ್ ಬಟ್ಟೇಲಿ ಒರ್ಸ್ದೆ." ಆಮೇಲೆ ಹೇಳಿದರು, "ಅವನ ಹೆಬ್ಬೆಟ್ಟು ಅಂತ ಗೊತ್ತಿತ್ತು ಕಣಮ್ಮ."

"ಗೊತ್ತಿದ್ದೂ ಅಳಿಸಿದ್ರಾ ಅಣ್ಣ?"

ನನ್ನ ದನಿ ಏರಿತ್ತು. ಅವರ ಮುಂದೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಟರ್ನರ್ ಎದ್ದು ಹೊರಗೆ ಹೋಗಲು ನೋಡಿದರು. ಫೋರ್‌ಮನ್ ಅವರ ತೋಳು ಹಿಡಿದು ಕೂರಿಸಿದರು.

"ಅವತ್ತು ಅವ್ನು ಒರ್ಸಕ್ಕೆ ಅಂತ ಬಟ್ಟೆ ಕೈಗ್ ತಗೊಂಡಿದ್ದ. ನಾನು ಆ ಕಡೆಯಿಂದ ಕೂಗ್ದೆ. ಪ್ರೆಸ್ಸಲ್ಲಿ ಡೈ ಸಿಕ್ಕಾಕ್ಕೊಂಡು ಲೈನ್ ನಿಂತೋಗಿತ್ತು. ‘ಆಮೇಲ್ ಒರ್ಸ್ಕೊಳ್ಳೋ ಉಪ್ಪಿನಕಾಯಿ, ಓಡಿ ಬಾ’ ಅಂದೆ. ಬ್ಲಾಕನ್ನ ಅಂಗೇ ಪೆಟ್ಟಿಗೇಲಿ ಆಕಿ ಬಂದ. ಡೈ ಬಿಡಿಸ್ದ. ‘ಸಾರ್, ಯಾಕೋ ಆಯಾಸ ಆಗ್ತದೆ’ ಅಂತ ಅಲ್ಲೇ ಕೂತ್ಕೊಂಡ." ಅವರು ಬ್ಲಾಕನ್ನು ನನ್ನ ಕಡೆ ಸ್ವಲ್ಪ ಸರಿಸಿದರು. "ಅಷ್ಟು ವರ್ಷದಲ್ಲಿ ಒರ್ಸದೆ ಇಟ್ಟಿದ್ದು ಅದೊಂದೇ. ನಾಲ್ಕು ಜನ ಬಂದು ನೋಡೋ ಜಾಗದಲ್ಲಿ ಅದನ್ನ ಅಂಗೇ ಇಟ್ರೆ, ನಮ್ಮೋರು ನೋಡಿ ಏನಂತಾರೆ? ಒರ್ಸದೆ ಹೋದ ಅಂತಾರೆ. ಅವ್ನು ಒರ್ಸೋನೇ. ಬಿಡದೆ ಇದ್ದಿದ್ದು ನಾನು."

ಬಟ್ಟೆ ಕೈಗೆ ತೆಗೆದುಕೊಂಡಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಯಾರೂ ಹೇಳಿರಲಿಲ್ಲ. ಎರಡು ವರ್ಷ ಫೋರ್‌ಮನ್ ಅದನ್ನು ತಮ್ಮೊಳಗೇ ಇಟ್ಟುಕೊಂಡಿದ್ದರು. ನಾನು ಬೆರಳನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ.

ಸಿಟ್ಟು ಆ ಕ್ಷಣಕ್ಕೆ ಪೂರ್ತಿ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಟರ್ನರ್ ಫ್ಲಾಸ್ಕಿನಿಂದ ಮೂರು ಲೋಟ ಟೀ ಬಗ್ಗಿಸಿದರು. ಲೋಟ ಕೆಳಗಿಟ್ಟ ಮೇಲೆ ನಾನು ಸ್ಕೇಲ್ ತೆಗೆದುಕೊಂಡು ರಿಜಿಸ್ಟರಿನ ಕೊನೆಯಲ್ಲಿ ಒಂದು ಹೊಸ ಗೆರೆ ಎಳೆದೆ. ಆ ಅಂಕಣಕ್ಕೆ ‘ಒರೆಸಿ ಇಟ್ಟವರು’ ಎಂದು ತಲೆಬರಹ ಕೊಟ್ಟೆ. ಒಂದರಿಂದ ಮೂವತ್ತಾರರವರೆಗೆ ಯಾರ್ಯಾರು ಒರೆಸಿದ್ದರೋ ಅವರ ಹೆಸರು, ಸಹಿ.

"ಹದಿನೇಳಕ್ಕೆ ಅವನ ಹೆಸರು ಬರಿ," ಎಂದರು ಫೋರ್‌ಮನ್.

"ಆಗಲ್ಲ ಅಣ್ಣ. ರಿಜಿಸ್ಟರಲ್ಲಿ ಆಗಿದ್ದನ್ನೇ ಬರೀಬೇಕು. ಒರೆಸಿದ್ದು ನೀವು."

"ನಾನು ನನಗೋಸ್ಕರ ಒರ್ಸಿದ್ನಾ?"

ಈ ಮಾತಿಗೆ ನಮ್ಮ ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಟರ್ನರ್ ದಾರಿ ತೋರಿಸಿದರು. "ಸ್ಟೋರಲ್ಲಿ ಹೆಂಗೆ ಮಾಡ್ತಿದ್ವಿ? ಒಬ್ಬ ಡ್ಯೂಟಿಗೆ ಬರ್ದೇ ಇದ್ರೆ ಇನ್ನೊಬ್ಬ ಸೈನ್ ಹಾಕಿ ‘ಪರವಾಗಿ’ ಅಂತ ಬರೀತಿದ್ದ. ಹಂಗ್ ಬರೀರಿ." ಫೋರ್‌ಮನ್ ತಮ್ಮ ಹೆಸರು ಬರೆದು ಸಹಿ ಹಾಕಿದರು. ಅದರ ಕೆಳಗೆ ನನ್ನ ಗಂಡನ ಹೆಸರು, ಮುಂದೆ ‘ಅವರ ಪರವಾಗಿ’ ಎಂದು ನಾನೇ ಬರೆದೆ.

ಅವತ್ತೇ ಗೋಡೆಯ ಮೇಲಿನ ದೊಡ್ಡ ಫೋಟೋ ಇಳಿಸಿದೆ. ಉಳಿದ ಐದು ದಿನ ಇಡೀ ಪ್ರದರ್ಶನವನ್ನು ಹೊಸ ನಕ್ಷೆಯಂತೆ ಜೋಡಿಸಿದೆ. ಕಪಾಟುಗಳನ್ನು ಹತಾರದ ಜಾತಿಯ ಪ್ರಕಾರ ಇಡುವ ಬದಲು ಒಂದು ದಿನದ ಕೆಲಸದ ಕ್ರಮದಲ್ಲಿ ಇಟ್ಟೆ. ಗುರುತು ಹಾಕುವುದು, ಕತ್ತರಿಸುವುದು, ಅರ ಹಾಕುವುದು, ಅಳೆಯುವುದು. ಕೊನೆಯದು ಒರೆಸುವುದು. ಮಧ್ಯಕ್ಕೆಂದಿದ್ದ ವಿ ಬ್ಲಾಕ್ ಕೊನೆಯ ಕಪಾಟಿಗೆ ಹೋಯಿತು. ಲೇಬಲ್ಲುಗಳಲ್ಲಿ ನಾನು ಬರೆದಿದ್ದ ವಾಕ್ಯಗಳನ್ನು ತೆಗೆದು, ಮೇಜಿನ ಎದುರು ಇಬ್ಬರೂ ಹೇಳಿದ್ದನ್ನು ಹಾಕಿದೆ. ಹದಿನೇಳರ ಲೇಬಲ್ಲಿನಲ್ಲಿ ಹೆಬ್ಬೆರಳಿನ ಗುರುತು ಇದ್ದದ್ದು, ಅದನ್ನು ಒರೆಸಿದವರು, ಯಾರ ಪರವಾಗಿ ಒರೆಸಿದರು ಎಂಬುದು, ಇಷ್ಟೇ.

ಪರೀಕ್ಷಕರು ಕಡಿಮೆ ಮಾತಿನವರು. ರಿಜಿಸ್ಟರ್ ತೆರೆದು ನಿಂತುಕೊಂಡೇ ಓದಿದರು. ಹದಿನೇಳರ ಎರಡು ವರದಿಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದರು.

"ಇಲ್ಲಿ ಒಂದು ಗುರುತಿತ್ತು. ಈಗಿಲ್ಲ. ಇದು ನಷ್ಟ ಅಲ್ವೇನಮ್ಮಾ?"

"ಹೌದು ಸಾರ್. ನಷ್ಟ ಅಂತಲೇ ಬರೆದಿದ್ದೀನಿ. ಮುಂಚೆನೇ ಹೇಳದೆ ಇದ್ದದ್ದು ನನ್ನ ತಪ್ಪು, ಅದೂ ಇದೆ."

"ಒಳ್ಳೇ ಫೋಟೋ ಇದೆ ಫೈಲಲ್ಲಿ. ಯಾಕೆ ಇಟ್ಟಿಲ್ಲ?"

"ಅದನ್ನ ಇಟ್ರೆ ಎಲ್ಲರೂ ಅದನ್ನೇ ನೋಡ್ತಾರೆ ಸಾರ್. ಇವರು ಒರೆಸಿದ್ದು ಯಾರಿಗೂ ಕಾಣಲ್ಲ."

ಅವರು ಫೋರ್‌ಮನ್ ಹತ್ತಿರ ಹೋಗಿ, ಒರೆಸುವುದು ಹೇಗೆಂದು ತೋರಿಸುತ್ತೀರಾ ಎಂದು ಕೇಳಿದರು. ಫೋರ್‌ಮನ್ ಒಂದು ಉಳಿಯನ್ನು ಕೈಗೆತ್ತಿಕೊಂಡು ತೋರಿಸಿದರು. ಪರೀಕ್ಷಕರು ತಾವೂ ಒಂದು ಸಲ ಮಾಡಿ ನೋಡಿದರು. "ಗುಂಡಗೆ ತಿರುಗಿಸ್ಬೇಡಿ ಸಾರ್," ಎಂದು ಟರ್ನರ್ ಗದರಿದರು. ಹೊರಡುವಾಗ ಪರೀಕ್ಷಕರು ನನಗೆ ಒಂದೇ ತಪ್ಪು ಹೇಳಿದರು. ಆ ಬ್ಲಾಕನ್ನು ಒರೆಸಿದ ಬಟ್ಟೆಯನ್ನು ಎತ್ತಿಟ್ಟು ಅದಕ್ಕೂ ಒಂದು ಸಂಖ್ಯೆ ಕೊಡಬೇಕಿತ್ತಂತೆ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅದನ್ನು ಟರ್ನರ್ ಹಬ್ಬದ ದಿನವೇ ಕಸಕ್ಕೆ ಹಾಕಿದ್ದರು. ಅದಕ್ಕೆ ನಾಲ್ಕು ಅಂಕ ಹೋಯಿತು. ಪಾಸಾದೆ.

ಪ್ರದರ್ಶನ ಹತ್ತು ದಿನ ಇತ್ತು. ಹಳೆಯ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರು. ಮುಗಿದ ಮೇಲೆ ಒಂದೊಂದನ್ನೂ ಮತ್ತೆ ಪರೀಕ್ಷಿಸಿ, ಮಾಲೀಕರ ಸಹಿ ತೆಗೆದುಕೊಂಡು ಹಿಂದಿರುಗಿಸಿದೆ. ಮೂವತ್ತೈದು ಹೋದವು. ಹದಿನೇಳಕ್ಕೆ ಎರವಲು ಕೊಟ್ಟವಳೂ ನಾನೇ, ಪಡೆದವಳೂ ನಾನೇ. ಎರಡು ಕಡೆ ನಾನೇ ಸಹಿ ಹಾಕಲು ಹೊರಟಾಗ ಫೋರ್‌ಮನ್ ಪೆನ್ನು ಕಸಿದುಕೊಂಡರು.

"ಒಬ್ಳೇ ಕೊಟ್ಟು ಒಬ್ಳೇ ಈಸ್ಕೊಂತೀಯಾ? ಕೊಡೋನು ನಾನು."

ಅಂಚು ಹಿಡಿದು ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ಕೈಗವಸು ಹಾಕಿ ಎತ್ತುವಾಗ ಅಷ್ಟು ಭಾರ ಎನ್ನಿಸಿರಲಿಲ್ಲ. ಒಂದೂವರೆ ವರ್ಷದಲ್ಲಿ ಅದನ್ನು ಬರಿಗೈಯಲ್ಲಿ ಹಿಡಿದೇ ಇರಲಿಲ್ಲ. ಹಿಡಿಯಲು ಆ ಗುರುತು ಬಿಟ್ಟಿರಲಿಲ್ಲ.

ಈಗ ಅದು ಊಟದ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡುತ್ತೇನೆ. ದಿನಕ್ಕೆ ಎಷ್ಟು ಸಲ ಮುಟ್ಟುತ್ತೇನೋ ಲೆಕ್ಕವಿಲ್ಲ. ಒಮ್ಮೆ ಬೇಕೆಂದೇ ಒಂದು ವಾರ ಒರೆಸದೆ ಬಿಟ್ಟು ನೋಡಿದೆ. ಯಾವ ಗುರುತೂ ಏಳಲಿಲ್ಲ. ನನ್ನ ಕೈಬೆವರಿಗೆ ತುಕ್ಕು ಹಿಡಿಯುವುದಿಲ್ಲ. ಆದರೂ ಸಂಜೆ ಒರೆಸಿ ಇಡುತ್ತೇನೆ, ಒಂದೇ ದಿಕ್ಕಿಗೆ.